ಅಕ್ಕನಿಗೆ ದೊಡ್ಡಕ್ಷರದಲ್ಲಿ

ಪುಟ್ಟೇನಹಳ್ಳಿ, ಯಲಹಂಕ
16 ಡಿಸೆಂಬರ್ 2025

ನನ್ನ ದ್ರೌಪದಕ್ಕನಿಗೆ,

ನಿನ್ನ ತಂಗಿ ರಮಾ ಮಾಡುವ ನಮಸ್ಕಾರ. ಅಕ್ಷರ ಹಲಸಿನ ಬೀಜದಷ್ಟು ದಪ್ಪ ಇವೆ ಅಂತ ನಗಬೇಡ. ಕಿಟಕಿ ಹತ್ತಿರ ಕೂತು ಓದು. ಇದು ನಮ್ಮ ಹೊಸ ಪ್ರಿಂಟರಿನಿಂದ ಬಂದ ಮೊದಲ ಕಾಗದ. ಯಾವ ಪ್ರಿಂಟರು ಅಂತೀಯಾ? ನೀನು ಹೇಳಿದ್ದೇ ಕಣಕ್ಕ, ಇಂಕಿನ ಬದಲು ಪುಡಿ ಹಾಕೋ ಲೇಸರ್ ಪ್ರಿಂಟರು, ಬರೀ ಕಪ್ಪು.

ದೀಪಾವಳಿಯ ದಿನದ ಮಾತು ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮನೆಯವರು ಆಫರ್‌ನಲ್ಲಿ ಸಿಕ್ಕಿತು ಅಂತ ನಾಲ್ಕು ಬಣ್ಣದ ಇಂಕ್ ಪ್ರಿಂಟರ್ ತಂದಿಟ್ಟಿದ್ದರಲ್ಲ, ಇಡೀ ವರ್ಷಕ್ಕೆ ಹನ್ನೊಂದು ಹಾಳೆ ತೆಗೆದಿದ್ದೆವು. ಎರಡು ಸಲ ಇಂಕು ಒಣಗಿಹೋಯ್ತು. ಅದಕ್ಕೆ ತಪ್ಪದೆ ಆದದ್ದು ಆಯುಧಪೂಜೆ ಒಂದೇ. ಸ್ಕೂಟರಿಗೆ ಇಟ್ಟ ಹಾಗೆ ಅದಕ್ಕೂ ಧಾರಾಳವಾಗಿ ಕುಂಕುಮ ಇಟ್ಟೆ ನೋಡು, ಉದುರಿ ಹಾಳೆ ಹೋಗೋ ಬಾಯಿಗೇ ಬಿತ್ತು. ಆಮೇಲೆ ಏನು ತೆಗೆದರೂ ಕೆಂಪು ಗೀಟು. ಇವರ ರಕ್ತಪರೀಕ್ಷೆಯ ರಿಪೋರ್ಟಿಗೂ ಮದುವೆಯ ಕಳೆ!

ಹಬ್ಬಕ್ಕೆ ಬಂದಿದ್ದ ನೀನು ಅದನ್ನ ತಿರುಗಿಸಿ ತಿರುಗಿಸಿ ನೋಡಿ, ತಿಂಗಳಿಗೆ ಎಷ್ಟು ಹಾಳೆ ಬೇಕು ಅಂತ ಕೇಳಿದೆ. ನಾನು ಒಂದು ಬೆರಳು ತೋರಿಸಿದೆ. ಹಾಗಾದರೆ ಇಂಕಿನದು ಬೇಡ, ದಿನಾ ಕರೆಯದ ಹಸು ಬತ್ತೋ ಹಾಗೆ ಅದೂ ಬತ್ತುತ್ತೆ ಅಂದೆ ನೀನು. ಯಾವಾಗಲೋ ಒಂದು ಆಧಾರ್ ಕಾರ್ಡಿಗೆ, ಬಣ್ಣದ ಫೋಟೋಗೆ ಮಲ್ಕಾ ಅವರ ಜೆರಾಕ್ಸ್ ಅಂಗಡಿ ಸಾಕು. ಮನೇಲೇ ಇರಬೇಕು ಅಂದರೆ ಪುಡಿಯದು ತಗೋ, ಆರು ತಿಂಗಳು ಮುಟ್ಟದಿದ್ದರೂ ಪುಡಿ ಒಣಗಲ್ಲ ಅಂದೆ. ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದೆ! ನನಗೋ ಮೂಗಿನ ತುದೀಲೇ ಕೋಪ. ಹಸು ಕರೆಯೋಳಿಗೆ ಪ್ರಿಂಟರ್ ವಿಷಯ ಏನು ಗೊತ್ತು ಅಂತ ಗೊಣಗಿದೆ. ನಿನಗೆ ಕಿವಿ ಕೇಳಿಸಲ್ಲ ಅನ್ನೋ ಧೈರ್ಯ. ತುಟಿ ನೋಡಿಯೇ ಮಾತು ಹಿಡಿಯುವವಳು ನೀನು ಅನ್ನೋದು ಮರೆತೇ ಹೋಯ್ತು. ನೀನು ಸಂಜೆ ಬಸ್ಸಿಗೇ ಹೆಸರಘಟ್ಟಕ್ಕೆ ಹೊರಟುಬಿಟ್ಟೆ.

ಹತ್ತು ವರ್ಷ ಹಾಲಿನ ಡೇರಿಯ ಕಾರ್ಯದರ್ಶಿ ಆಗಿದ್ದವಳು, ಅಲ್ಲಿ ಎರಡು ಇಂಕ್ ಪ್ರಿಂಟರು ಮೂಲೆ ಸೇರಿದ್ದು ಕಂಡವಳು. ಕಿವಿ ಹೋದ ಮೇಲೂ ಎಲ್ಲರ ಮುಖ ನೋಡಿ ನೋಡಿಯೇ ಡೇರಿ ನಡೆಸಿದವಳು. ಅಪ್ಪ ನನ್ನ ಓದು ಬಿಡಿಸ್ತೀನಿ ಅಂದಾಗ ಎದುರು ನಿಂತವಳೂ ನೀನೇ. ಅಂಥವಳಿಗೆ ನಾನು ಹಾಗಂದೆ. ತಪ್ಪಾಯ್ತು ಅಕ್ಕ.

ಆಮೇಲೆ ಮೂರು ಕಾಗದ ಬರೆದೆ. ಮೂರರಲ್ಲೂ ತಪ್ಪಾಯ್ತು ಅಂತಲೇ ಬರೆದೆ. ಫೋನು ನಿನಗೆ ಕೇಳಿಸಲ್ಲ, ಕಾಗದ ಬಿಟ್ಟರೆ ನಮಗೆ ಬೇರೆ ಏನಿದೆ? ಒಂದಕ್ಕೂ ಉತ್ತರ ಇಲ್ಲ. ಅಕ್ಕ ನನ್ನ ಬಿಟ್ಟೇಬಿಟ್ಟಳು ಅಂತ ಅಡುಗೆಮನೇಲಿ ನಿಂತು ಅತ್ತಿದ್ದೀನಿ.

ಹೋದ ಭಾನುವಾರ ನಿನ್ನ ಮಗ ಸುರೇಶ ಗಿಣ್ಣುಹಾಲು ಕೊಡೋಕೆ ಬಂದಾಗ ಗೊತ್ತಾಯ್ತು. ಕಣ್ಣಿಗೆ ಪೊರೆ ಬಂದು ನಿನಗೆ ಬಸ್ಸಿನ ಬೋರ್ಡಿನ ದಪ್ಪಕ್ಷರ ಮಾತ್ರ ಕಾಣುತ್ತಂತೆ, ನನ್ನ ಕೈಬರಹ ಕಾಣಲ್ಲವಂತೆ. ದೊಡ್ಡದಾಗಿ ಬರೆದುಕೊಡ್ತೀನಿ ಅಂತ ಅವನಂದರೆ, ರಮಾ ನನಗೆ ಬರೆದದ್ದು, ಬೇರೆ ಯಾರೂ ಓದಬಾರದು ಅಂತ ಮೂರನ್ನೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೀಯಂತೆ. ಅಯ್ಯೋ ನನ್ನಕ್ಕ!

ನಾನು ಕೈಯಲ್ಲಿ ದೊಡ್ಡದಾಗಿ ಬರೆದರೆ ಕೋಳಿ ಕೆದರಿದ ಹಾಗಿರುತ್ತೆ. ಮಲ್ಕಾ ಅವರ ಹತ್ತಿರ ಹೋದೆ. ಒಳ್ಳೆಯವರು, ಪ್ರಿಂಟ್ ತೆಗೆದು ನಮ್ಮ ಕಣ್ಣೆದುರೇ ಫೈಲ್ ಅಳಿಸಿಬಿಡ್ತಾರೆ. ಆದರೂ ನೀನು ಹೆತ್ತ ಮಗನಿಗೇ ತೋರಿಸದ್ದನ್ನ ನಾನು ಅಂಗಡೀಲಿ ತೆಗೆಸಲಾ? ವಾರಕ್ಕೊಂದು ಕಾಗದಕ್ಕೆ ಯಾವುದು ಸರಿ ಅಂತ ಅವರನ್ನೇ ಕೇಳಿದೆ. ನಿನ್ನ ಮಾತೇ ಹೇಳಿದರು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಹೆಮ್ಮೆಯಿಂದ ನಮ್ಮಕ್ಕನೂ ಇದನ್ನೇ ಹೇಳಿದ್ದಳು ಅಂದೆ.

ಹೊಸದಕ್ಕೆ ಹಳೇ ರವಿಕೆ ಕಣ ಹೊದಿಸಿದ್ದೀನಿ. ಮುಂದಿನ ಆಯುಧಪೂಜೆಗೆ ಕುಂಕುಮ ಗೋಡೆಗೆ, ಅದಕ್ಕಲ್ಲ. ಇನ್ನು ಪ್ರತಿ ಮಂಗಳವಾರ ನಿನಗೆ ಕಾಗದ ಬರುತ್ತೆ.

ನಿನ್ನ ಕೋಪಿಷ್ಠೆ ತಂಗಿ,
ರಮಾ

ಮತ್ತೊಂದು ಮಾತು: ಮೂರರಲ್ಲೂ ತಪ್ಪಾಯ್ತು ಅಂತ ಬರೆದೆ ಅಂದೆನಲ್ಲ, ಸುಳ್ಳು. ಮೊದಲೆರಡರಲ್ಲಿ ಮಾತ್ರ. ನೀನು ಉತ್ತರ ಬರೆಯಲಿಲ್ಲ ಅಂತ ಉರಿದುಕೊಂಡು ಮೂರನೆಯದರಲ್ಲಿ, ಇನ್ನು ನಿನ್ನ ಹೊಸಿಲು ತುಳಿಯಲ್ಲ ಅಂತ ಬರೆದಿದ್ದೆ. ಇದನ್ನ ಕೈಯಲ್ಲಿ ಸಣ್ಣಗೆ ಬರೆದಿದ್ದರೆ ನಿನಗೆ ಕಾಣ್ತಿರಲಿಲ್ಲ. ಆದರೂ ದೊಡ್ಡಕ್ಷರದಲ್ಲೇ ಹಾಕಿದ್ದೀನಿ. ಆ ಕಾಗದ ದಿಂಬಿನ ಕೆಳಗೇ ಇರಲಿ. ಭಾನುವಾರ ನಿನ್ನ ಹೊಸಿಲು ದಾಟಿ ಬಂದು ನಾನೇ ಅದನ್ನ ಒಲೆಗೆ ಹಾಕ್ತೀನಿ.