ಪಾತ್ರೆ ಒರೆಸುವ ಬಟ್ಟೆ

ಅಪ್ಪರ್ ಹಟ್,
ಭಾನುವಾರ

ಶಾಂತವ್ವ ಅತ್ತೆಯವರಿಗೆ ಸ್ನೇಹಲ್‌ಳ ನಮಸ್ಕಾರ.

ನಿಮ್ಮ ಮಗ ಸೇರಿರುವ ಇಲ್ಲಿನ ಸೇನೆಯವರು ಕ್ಯಾಂಪಿನ ಪಕ್ಕದಲ್ಲೇ ಮನೆ ಕೊಟ್ಟಿದ್ದಾರೆ. ನಿಮ್ಮ ಮಗ ಬೂಟು ಮಿಂಚಿಸುವುದನ್ನು ಕಲಿತಿದ್ದಾರೆ, ಬೇರೇನೂ ಕಲಿತಿಲ್ಲ. ಇಲ್ಲಿ ಎಷ್ಟೋ ಮಂದಿ ಸೋಪಿನ ನೊರೆಯಿಂದ ತೆಗೆದ ತಟ್ಟೆಗೆ ನೀರು ಹಾಕದೆ ಹಾಗೇ ಒರೆಸಿಡುತ್ತಾರೆ. ಅದನ್ನು ನೋಡಿದ ದಿನದಿಂದ ನನಗೆ ಊಟವೇ ಸೇರುತ್ತಿಲ್ಲ. ನಿಮ್ಮ ಮಗನೂ ಈಗ ಹಾಗೇ ಮಾಡುತ್ತಾರೆ.

ನಿನ್ನೆ ಪಕ್ಕದ ಮನೆಯ ಸಾರ್ಜೆಂಟನ ಹೆಂಡತಿ, ಈ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ಪೈಕಿ ಮೆರೆ ಆಂಟಿ, ಚಹಾಕ್ಕೆ ಬಂದಿದ್ದರು. ನಿಮ್ಮ ಮಗ ವಾಷಿಂಗ್ ಮಷೀನಿನೊಳಗೆ ತಮ್ಮ ಕಾಲುಚೀಲಗಳ ಜೊತೆ ಸುತ್ತಿಕೊಂಡಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ಎಳೆದು, ಅದರಿಂದಲೇ ಆಂಟಿಯ ಕಪ್ ಒರೆಸಿದರು! ಆಂಟಿ ಮುಖ ಕಿವುಚಿದರು. "ಅಡುಗೆಮನೆ ಬಟ್ಟೆ, ಮೈಮೇಲಿನ ಬಟ್ಟೆ ಒಟ್ಟಿಗೆ ಒಗೆಯೋದಾ? ಛೀ!" ಎಂದು ಇಂಗ್ಲಿಷಿನಲ್ಲಿ ಬೈದರು.

"ಏನಾತೀಗ? ಬಿಸಿನೀರಾಗ ಒಗದೀನಲ್ಲ!" ಎಂದು ನಿಮ್ಮ ಮಗ ನನಗೆ ಹೇಳಿದರು.

ಆಂಟಿ ಚಹಾ ಮುಟ್ಟದೆ ಎದ್ದರು. ಊಟದ ಮೇಜಿನ ಅಂಚಿನ ಮೇಲೆ ಕೂತಿದ್ದ ನನ್ನನ್ನೂ ಎಬ್ಬಿಸಿದರು. ಅವರಲ್ಲಿ ಉಣ್ಣುವ ಕಡೆ ಕುಂಡಿ ಊರಬಾರದಂತೆ.

ದಯವಿಟ್ಟು ಫೋನಿನಲ್ಲಿ ನಿಮ್ಮ ಮಗನಿಗೆ ಸರಿಯಾಗಿ ಉಗಿಯಿರಿ. ನಿಮ್ಮ ಮಡಿಯ ಕಾಟ ತಪ್ಪಿತೆಂದು ವಿಮಾನ ಹತ್ತಿದ್ದೆ, ಅತ್ತೆ. ನೋಡಿದರೆ ಪಕ್ಕದ ಮನೆಯಲ್ಲಿ ನೀವೇ ಇದ್ದೀರಿ.

ಹಸಿದಿರುವ ನಿಮ್ಮ ಸೊಸೆ,
ಸ್ನೇಹಲ್