ಮುತ್ತಣ್ಣ ಹಾಕಿಕೊಟ್ಟ ಬ್ಯಾಟರಿ

ಜೋಗುಪಾಳ್ಯ, ಹಲಸೂರು
14 ಮಾರ್ಚ್ 2024

ಪ್ರೀತಿಯ ತಮ್ಮ ಮುತ್ತಣ್ಣನಿಗೆ,

ಹೇಗಿದ್ದೀಯ? ಕೊಯಮತ್ತೂರಿನ ನೀರು ಒಗ್ಗಿತೇ? ಸೊಂಟದ ನೋವಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಐದು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಶನಿವಾರ ಸಂಜೆ ಏಳಕ್ಕೆ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಕರೆಂಟ್ ಹೋಯಿತು. ನಾನು ಗಾಬರಿಯಾಗಲಿಲ್ಲ. ಮಾಳಿಗೆಯ ಮೇಲೆ ನೀನು ಕೂರಿಸಿದ ಸೋಲಾರ್ ಇದೆ, ಹಗಲೆಲ್ಲ ಚಾರ್ಜ್ ಆದ ಬ್ಯಾಟರಿ ಆರು ಗಂಟೆ ತಡೆಯುತ್ತದೆ ಎಂದು ನೀನೇ ಹೇಳಿದ್ದೆ. ಇಕ್ರಾ ಎಂಬ ಹುಡುಗಿಗೆ ಎಂಟನೇ ತಿಂಗಳಿಗೇ ಹೆರಿಗೆಯಾಗಿ, ಒಂದೂವರೆ ಕೆ.ಜಿ.ಯ ಕೂಸು ಬೆಚ್ಚಗಿಡುವ ಯಂತ್ರದಲ್ಲಿ ಮಲಗಿತ್ತು. ಬ್ಯಾಟರಿ ತಡೆದದ್ದು ಹನ್ನೊಂದೇ ನಿಮಿಷ. ಯಂತ್ರ ನಿಂತಿತು, ಆಕ್ಸಿಜನ್ ಕೊಡುವುದೂ ನಿಂತಿತು. ಮೊಬೈಲ್ ಬೆಳಕಿನಲ್ಲಿ ಕೂಸನ್ನು ತಾಯಿಯ ಎದೆಗೆ ಕಟ್ಟಿ, ಆಂಬುಲೆನ್ಸ್‌ನಲ್ಲಿ ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಆ ಹುಡುಗಿ, "ಸಿಸ್ಟರ್, ಉಸಿರಾಡ್ತಾ ಇದ್ಯಾ? ನೋಡಿ ಹೇಳಿ," ಎನ್ನುತ್ತಲೇ ಇದ್ದಳು. ಕೂಸು ಉಳಿಯಿತು. ಉಳಿಸಿದ್ದು ನೀನಲ್ಲ.

ಮಾರನೆಯ ದಿನ ಮೆಕ್ಯಾನಿಕ್ ಖಾದರ್ ಬಂದು ಬ್ಯಾಟರಿಯ ಸ್ಟಿಕ್ಕರನ್ನು ಉಗುರಿನಿಂದ ಕಿತ್ತ. ಒಳಗೆ ಇನ್ನೊಂದು ಸ್ಟಿಕ್ಕರ್, 2016ರದು. "ಇದು ಹಳೇದು ಸಿಸ್ಟರ್, ಯಾರೋ ಬಿಸಾಕಿದ್ದು. ಮೇಲೆ ಹೊಸ ಸ್ಟಿಕ್ಕರ್ ಅಂಟಿಸವ್ರೆ," ಎಂದ. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ?" ಎಂದರು. ಇಪ್ಪತ್ತೆರಡು ವರ್ಷ ಅವರ ಜೊತೆ ದುಡಿದ ಮೇಲೆ ಈ ಮಾತು ಕೇಳಿಸಿಕೊಂಡೆ. ಕೇಳುವುದು ತಪ್ಪೇ? ಡೀಸೆಲ್ ಜನರೇಟರ್ ಇರಲಿ ಎಂದು ಅವರು ಹಿಂದೆಮುಂದೆ ನೋಡಿದಾಗ, "ನನ್ನ ತಮ್ಮ ಡಾಕ್ಟ್ರೇ, ಮೋಸ ಮಾಡಲ್ಲ," ಎಂದು ತೆಗೆಸಿದವಳು ನಾನೇ.

ಕೆಲಸ ಮುಗಿಸಿದ ದಿನ ನಮ್ಮ ಮನೆಯಲ್ಲಿ ಮುದ್ದೆ ಉಣ್ಣುತ್ತಾ ನೀನೇನೆಂದೆ, ನೆನಪಿದೆಯೇ? "ಅಕ್ಕಾ, ಇನ್ಮೇಲೆ ನಿನ್ನ ಕೂಸುಗಳು ಕತ್ತಲಲ್ಲಿ ಇರಲ್ಲ." ಆ ಮಾತಾಡುವಾಗಲೂ ನಿನಗೆ ಗೊತ್ತಿತ್ತಲ್ಲೋ. ನಾನು ಇನ್ನೊಂದು ಮುದ್ದೆ ಬಡಿಸಿದೆ. ಉಳಿದದ್ದೆಲ್ಲ ಹೇಗೋ ನುಂಗಿಕೊಂಡೇನು, ಇದೊಂದು ಇಳಿಯುತ್ತಿಲ್ಲ.

ನಿನ್ನ ಹೆಂಡತಿಗೂ ಮಗಳು ಮೋನಿಷಾಳಿಗೂ ನನ್ನ ಆಶೀರ್ವಾದ. ನಿನಗೂ ಆಶೀರ್ವಾದ ಎಂದು ಬರೆಯಬೇಕು, ಇವತ್ತು ಆಗುತ್ತಿಲ್ಲ.

ನಿನ್ನ ಅಕ್ಕ,
ರಾಮಲಕ್ಷ್ಮಮ್ಮ

ಇನ್ನೊಂದು ಮಾತು: ಕೆ.ಆರ್. ಪುರದ ಒಂದು ಡಯಾಲಿಸಿಸ್ ಕೇಂದ್ರಕ್ಕೂ ನೀನೇ ಬ್ಯಾಟರಿ ಹಾಕಿದ್ದೀಯ ಎಂದು ಖಾದರ್ ಈಗ ತಾನೇ ಹೇಳಿದ. ಅದರ ಸ್ಟಿಕ್ಕರನ್ನೂ ಕಿತ್ತು ನೋಡಲು ಅವನನ್ನು ಕರೆದುಕೊಂಡು ಅಲ್ಲಿಗೇ ಹೊರಟಿದ್ದೇನೆ. ಯಾರು ಹಾಕಿದ್ದು ಎಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ. ಮುತ್ತಣ್ಣ ನಿಮಗೇನಾಗಬೇಕು ಎಂದು ಕೇಳಿದರೆ, ಅದನ್ನೂ ಹೇಳುತ್ತೇನೆ.