ಕಾಣೆ ಮಾಡಿದರು

ಹಾಸ್ಟೆಲ್, ಮೇಲಿನ ಮಹಡಿ
ಮಾರ್ಚ್ ೯, ಭಾನುವಾರ

ಪ್ರೀತಿಯ ಅತ್ತಿಗೆ,

ನಿಮ್ಮ ಲಾಯರಮ್ಮನ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ತೆಳ್ಳಗೇನೂ ಆಗಿಲ್ಲ. ಇಷ್ಟನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿ. ಉಳಿದದ್ದನ್ನು ನೀವೊಬ್ಬರೇ ಓದಿಕೊಳ್ಳಿ.

ಕಾಗದ ತಡವಾಯಿತು, ಕ್ಷಮಿಸಿ. ಪರೀಕ್ಷೆ ಇತ್ತು ಅನ್ನಬಹುದಿತ್ತು, ಆದರೆ ನನ್ನ ಸುಳ್ಳು ನಿಮಗೆ ಗೊತ್ತಾಗಿಬಿಡುತ್ತದೆ. ಅವತ್ತು ಫೋನಿನಲ್ಲಿ ನೀವು, "ನಿನ್ನ ಮನಸ್ಸಲ್ಲಿ ಏನಿದೆ, ಕಡ್ಡಿ ಮುರಿದ ಹಾಗೆ ಹೇಳಿಬಿಡೇ" ಅಂದಾಗ ನಾನು ಲಿಫ್ಟ್ ಒಳಗಿದ್ದೇನೆ, ಕೇಳಿಸುತ್ತಿಲ್ಲ ಅಂದೆ. ನಮ್ಮ ಹಾಸ್ಟೆಲಿನಲ್ಲಿ ಲಿಫ್ಟೇ ಇಲ್ಲ. ಮತ್ತೆ ಫೋನ್ ಮಾಡಿದ್ದರೂ ಅಷ್ಟೇ. ನಾನು ಅಳುತ್ತಿದ್ದೆ, ನೀವು "ಒಲೆ ಮೇಲೆ ಹಾಲಿದೆ ಕಣೇ" ಅಂತ ಇಟ್ಟುಬಿಡುತ್ತಿದ್ದಿರಿ. ಅದಕ್ಕೇ ಈ ಕಾಗದ.

ನೀವು ಕೇಳಿದ್ದು ನನಗೆ ಅರ್ಥವಾಗದೇ ಇರಲಿಲ್ಲ. ಕನ್ನಡಕದ ಅಂಗಡಿಯವರು ನಿಮ್ಮನ್ನು ಮದುವೆಯಾಗುತ್ತೇನೆ ಅಂದಿದ್ದಾರೆ, ನಿಮಗೂ ಮನಸ್ಸಿದೆ. ಆದರೆ ಅಣ್ಣ ತೀರಿಕೊಂಡಿದ್ದಾನೆಂದು ಕೋರ್ಟು ಹೇಳುವ ತನಕ ನೀವು ಅಣ್ಣನ ಹೆಂಡತಿಯೇ. ಕೋರ್ಟು ಹಾಗೆ ಹೇಳಬೇಕಾದರೆ ಒಡಹುಟ್ಟಿದವಳ ಅಫಿಡವಿಟ್ ಬೇಕು. ನಿಮ್ಮ ವಕೀಲರು ಕಳಿಸಿದ ಕರಡಿನಲ್ಲಿ ಹೀಗಿತ್ತು: "ನನ್ನ ಅಣ್ಣ ಕಾಣೆಯಾಗಿ ಎಂಟು ವರ್ಷಗಳಾಗಿದ್ದು, ಆತ ಮೃತಪಟ್ಟಿರುವನೆಂದು ನಂಬಿರುತ್ತೇನೆ." ಓದಿ ಮೈಯೆಲ್ಲ ಉರಿದುಹೋಯಿತು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಒಂದಷ್ಟು ದಿನ ನಿಮ್ಮ ಮೇಲೆ ಹಲ್ಲು ಕಡಿದೆ. ಕನ್ನಡಕದವರ ಮೇಲೆ ಇನ್ನೂ ಸ್ವಲ್ಪ ಜಾಸ್ತಿ.

ಈ ಮಧ್ಯೆ ಓದಂತೂ ನಡೆದೇ ಇದೆ. ಮಾನವ ಹಕ್ಕುಗಳು ಅಂದರೆ ಬರೀ ಭಾಷಣ ಅಂದುಕೊಂಡು ಬಂದಿದ್ದೆ. ಇಲ್ಲಿ ನೋಡಿದರೆ ಒಂದೊಂದು ಅಲ್ಪವಿರಾಮಕ್ಕೂ ದೇಶದೇಶಗಳು ಕಿತ್ತಾಡಿವೆ. ಹೋದ ತಿಂಗಳು ಅಣಕು ನ್ಯಾಯಾಲಯದಲ್ಲಿ ಚೀಟಿ ಎತ್ತಿದಾಗ ನನ್ನ ಪಾಲಿಗೆ ಸರ್ಕಾರದ ಪರ ಬಂತು. ವಾದಿಸಿದೆ, ಗೆದ್ದೂಬಿಟ್ಟೆ. ಎಲ್ಲರೂ ಕೈಕುಲುಕಿದರು. ಅವತ್ತು ಮಾತ್ರ ಊಟ ಸೇರಲಿಲ್ಲ, ಅಮ್ಮನಿಗೆ ಹೇಳಬೇಡಿ.

ನಮ್ಮ ಮೇಡಂಗೆ ಒಂದು ಚಾಳಿ. ದೇಶದೇಶಗಳ ನಡುವಿನ ಯಾವುದೇ ಒಪ್ಪಂದದ ಪಾಠ ಶುರು ಮಾಡುವ ಮೊದಲು, ಅದರ ಮುಖ್ಯ ಪದವನ್ನು ನಿಮ್ಮ ನಿಮ್ಮ ಮನೆಮಾತಿನಲ್ಲಿ ಹೇಳಿ, ಆಮೇಲೆ ಬಿಡಿಸಿ ಅರ್ಥ ಹೇಳಿ ಅನ್ನುತ್ತಾರೆ. ಈ ಸಲ ಬಂದದ್ದು ನಮ್ಮದೇ ಪಾಠ. ಅಧಿಕಾರದಲ್ಲಿರುವವರು ಒಬ್ಬನನ್ನು ಹಿಡಿದೊಯ್ದು, ಆಮೇಲೆ ನಮಗೆ ಗೊತ್ತೇ ಇಲ್ಲ ಅನ್ನುತ್ತಾರಲ್ಲ, ಆ ಅಪರಾಧದ ಪಾಠ. ನನ್ನ ಸರದಿ ಬಂದಾಗ ಎದ್ದು ನಿಂತು, ನಾವು 'ಕಾಣೆಯಾದರು' ಅನ್ನುತ್ತೇವೆ ಅಂದೆ.

"ಮಾಡಿದ್ದು ಯಾರು?" ಅಂತ ಕೇಳಿದರು.

"ಯಾರೂ ಮಾಡೋದಲ್ಲ ಮೇಡಂ, ಅದು ಆಗೋದು. ಕಾಯಿ ಹಣ್ಣಾಗುತ್ತಲ್ಲ, ಹಾಗೆ."

"ಹಾಗಾದ್ರೆ ನಿಮ್ಮ ವಾಕ್ಯದಲ್ಲಿ ತಪ್ಪು ಮಾಡಿದೋನೇ ಇಲ್ವಲ್ರೀ!"

ಎಲ್ಲರೂ ನಕ್ಕರು. ನಾನೂ ನಕ್ಕು ಕೂತೆ. ಕೂತಮೇಲೆ ಆ ಪದವನ್ನು ಪುಸ್ತಕದ ಅಂಚಿನಲ್ಲಿ ಬರೆದು ನೋಡಿದೆ. ಎಂಟು ವರ್ಷದಿಂದ ನಾವು ಹೇಳಿಕೊಂಡು ಬಂದದ್ದೇನು ಅತ್ತಿಗೆ? "ಅಣ್ಣ ಕಾಣೆಯಾದ." ಛತ್ರಿ ಕಾಣೆಯಾಯಿತು ಅನ್ನುವ ಹಾಗೆ. ಅಣ್ಣ ಮುಂದೆ ನಿಂತು ನಡೆಸಿದ ಮುಷ್ಕರದ ಮರುದಿನ ಬಸ್ ಡಿಪೋಗೆ ಪೊಲೀಸರೇ ಬಂದು, "ಸ್ವಲ್ಪ ಮಾತಾಡೋದಿದೆ, ಬಂದು ಹೋಗಪ್ಪ" ಅಂತ ಡ್ರೈವರುಗಳೆಲ್ಲರ ಎದುರಿಗೇ ಅವನನ್ನು ಜೀಪು ಹತ್ತಿಸಿದರು. ಠಾಣೆಗೆ ಹೋದರೆ, "ನಾವು ಕರ್ಕೊಂಡೇ ಬಂದಿಲ್ಲ" ಅಂದರು. ಅಂಥವರ ಎದುರು ಕೂತು ನಮ್ಮ ಬಾಯಿಂದಲೇ 'ಕಾಣೆಯಾಗಿದ್ದಾನೆ' ಅಂತ ದೂರು ಬರೆಸಿದೆವು. ಅವರಿಗೇನು ಕಷ್ಟ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು.

ಪಾಠ ಮುಗಿದ ಮೇಲೆ ಮೇಡಂ ಕೋಣೆಗೆ ಹೋದೆ. ನನ್ನ ಗೆಳತಿಯೊಬ್ಬಳ ಮನೆಯ ವಿಷಯ ಅಂತ ಎಲ್ಲವನ್ನೂ ಹೇಳಿದೆ. ಕಾಗದಪತ್ರ ಸರಿಸಿ ಕೇಳಿಸಿಕೊಂಡರು.

"ನಿಮ್ಮ ಗೆಳತಿಗೆ ಹೇಳಿ. ಹೆಂಡತಿ ತನ್ನ ಬದುಕು ಕಟ್ಕೊಳ್ಳೋಕೆ ಕೋರ್ಟು ಕೊಡೋ ಕಾಗದ ಬೇರೆ, ಕರ್ಕೊಂಡು ಹೋದವರು ಕೊಡಬೇಕಾದ ಉತ್ತರ ಬೇರೆ. ಇದು ಸಿಕ್ಕಿತು ಅಂತ ಅದು ಮುಗಿಯಲ್ಲ. ಅವನಿಗೆ ಏನಾಯ್ತು, ಎಲ್ಲಿದಾನೆ ಅಂತ ಗೊತ್ತಾಗೋವರೆಗೂ ಹುಡುಕಲೇಬೇಕು ಅನ್ನುತ್ತೆ ಈ ಒಪ್ಪಂದ. ಇನ್ನು ಅಫಿಡವಿಟ್ಟು. ಅವಳ ನಂಬಿಕೆ ಕಟ್ಕೊಂಡು ಕೋರ್ಟಿಗೇನಾಗಬೇಕು? ಏಳು ವರ್ಷ ಸುದ್ದಿ ಇಲ್ದಿದ್ರೆ ಸತ್ತಿದಾನೆ ಅಂತ ಕೋರ್ಟು ತಾನೇ ಎಣಿಸುತ್ತೆ. ಸುದ್ದಿ ಬಂದಿದೆಯಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು."

ಆಮೇಲೆ ನನ್ನ ಮುಖ ನೋಡಿ, "ನಿಮ್ಮ ಗೆಳತಿ ಟೀ ಕುಡೀತಾಳಾ?" ಅಂದರು. ಕುಡಿದೆ.

ಆದರೂ ಸಹಿ ಹಾಕಲು ಕೈ ಬರಲಿಲ್ಲ. ನೀವು ಹೊಲಿಗೆ ಅಂಗಡಿಗೆ ಹೋಗಿರುವ ಹೊತ್ತು ನೋಡಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಬೇಡ ಅನ್ನಲಿ ಅಂತಲೇ ಮಾಡಿದ್ದು. ಅಮ್ಮ ಏನಂದಳು ಗೊತ್ತೇ?

"ಅವನು ನನ್ನ ಹೊಟ್ಟೇಲಿ ಹುಟ್ಟಿದೋನು, ಕಾಯೋದು ನನ್ನ ಹಣೇಲಿ ಬರೆದಿದೆ. ಆ ಹುಡುಗಿಗೆ ಯಾಕೆ ಆ ಕೆಲಸ ಅಂಟಿಸ್ತೀಯ? ಅವಳು ನಕ್ಕಿದ್ದು ನೋಡಿ ಎಷ್ಟು ವರ್ಷ ಆಗಿತ್ತು. ಆ ಕನ್ನಡಕದೋನು ಬಂದಾಗ ನಗ್ತಾಳೆ, ಒಳಗಿದ್ರೂ ನಂಗೆ ಕೇಳಿಸುತ್ತೆ. ನೀನು ಓದಿ ಓದಿ ಮಂಕಾಗಬೇಡ. ಸುಮ್ನೆ ಸಹಿ ಹಾಕು."

ಹೇಳಿ ಫೋನ್ ಇಟ್ಟೇಬಿಟ್ಟಳು. ನಾನು ಕಿಟಕಿಯ ಹತ್ತಿರ ನಿಂತು ಚೆನ್ನಾಗಿ ಅತ್ತೆ. ನಿಮ್ಮ ಮೇಲಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು.

ಸಹಿ ಹಾಕಿದ್ದೇನೆ ಅತ್ತಿಗೆ. ಅಫಿಡವಿಟ್ಟು ಈ ಲಕೋಟೆಯಲ್ಲೇ ಇದೆ. ಆದರೆ ವಕೀಲರ ವಾಕ್ಯ ತೆಗೆದುಹಾಕಿ ಬೇರೆ ಟೈಪ್ ಮಾಡಿಸಿದೆ. ಮೊದಲು 'ಕಾಣೆ ಮಾಡಲಾಗಿದೆ' ಅಂತ ಬರೆದು ನೋಡಿದೆ. ಅದು ಕಚೇರಿಯವರ ಭಾಷೆ. ಅಲ್ಲಿ ಎಲ್ಲವನ್ನೂ ಮಾಡಲಾಗಿರುತ್ತದೆ, ಮಾಡಿದವನು ಮಾತ್ರ ಸಿಗುವುದಿಲ್ಲ. ಕೊನೆಗೆ ಹೀಗೆ ಬರೆಸಿದೆ: "ನನ್ನ ಅಣ್ಣನನ್ನು ಪೊಲೀಸರು ಡಿಪೋದಿಂದ ಜೀಪಿನಲ್ಲಿ ಕರೆದೊಯ್ದು ಕಾಣೆ ಮಾಡಿದರು. ಅಂದಿನಿಂದ ಇಂದಿನವರೆಗೆ ಅವನ ಯಾವ ಸುದ್ದಿಯೂ ನನಗೆ ಬಂದಿಲ್ಲ." ಎರಡೂ ನಿಜ, ನೋಟರಿ ಎದುರಿಗೆ ಧೈರ್ಯವಾಗಿ ಹೇಳಿದೆ. ಸತ್ತಿದ್ದಾನೆ ಅಂತ ನಾನು ಬರೆದಿಲ್ಲ. ಬೇಕಾದರೆ ಕೋರ್ಟು ಬರೆದುಕೊಳ್ಳಲಿ. ವಕೀಲರು ಗೊಣಗಿದರೆ ನನಗೇ ಫೋನ್ ಮಾಡಲು ಹೇಳಿ, ಅವರಿಗೆ ಉತ್ತರ ಕೊಡುವಷ್ಟು ಓದಿದ್ದೇನೆ.

ಇನ್ನು ನಿಮ್ಮ ವಿಷಯ. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿಲ್ಲ ಅಂತ ಹೋದವರು ಕನ್ನಡಕದ ಜೊತೆ ಕನ್ನಡಕದವರನ್ನೂ ತಂದಿದ್ದೀರಿ! ಸ್ಕ್ರೂ ಸಡಿಲವಾಗಿದೆ ಅಂತ ಮತ್ತೆ ಮತ್ತೆ ಆ ಅಂಗಡಿಗೆ ಓಡುತ್ತಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಯಾರ ಸ್ಕ್ರೂ ಸಡಿಲವಾಗಿತ್ತೋ ಏನೋ. "ಅಮ್ಮ ನಮ್ಮ ಜೊತೆಗೇ ಇರಲಿ" ಅಂತ ಅವರೇ ಮೊದಲು ಹೇಳಿದರಂತೆ. ಒಳ್ಳೆಯವರು. ಅವರ ಮೇಲಿನ ಸಿಟ್ಟು ಇಳಿಯಲು ಇನ್ನೊಂದೆರಡು ತಿಂಗಳು ಕೊಡಿ, ಮದುವೆಯ ಹೊತ್ತಿಗೆ ಸರಿಹೋಗುತ್ತೇನೆ.

ಚಿಕ್ಕವಳು ದೊಡ್ಡವರನ್ನು ಹರಸುವ ಹಾಗಿಲ್ಲ ಅನ್ನುತ್ತಾರೆ. ನಾನು ಹರಸುತ್ತೇನೆ. ಸುಖವಾಗಿರಿ. ಅಮ್ಮನಿಗೆ ಕೇಳಿಸುವಷ್ಟು ಜೋರಾಗಿ ನಗುತ್ತಾ ಇರಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಫೋನನ್ನು ಮೆಲ್ಲಗೆ ಇಡಲು ಕಲಿಸಿ.

ಇಂತಿ,
ನಿಮ್ಮ ಲಾಯರಮ್ಮ

ಬರೆಯಲೋ ಬೇಡವೋ ಅಂದುಕೊಂಡದ್ದು: ಮದುವೆಯಾದ ಮೇಲೆ ನಿಮ್ಮನ್ನು ಏನಂತ ಕರೆಯಲಿ? "ಅಕ್ಕ ಅನ್ನು" ಅನ್ನುತ್ತೀರಿ, ಗೊತ್ತು. ಆದರೆ ಅಕ್ಕ ಅನ್ನುವುದಕ್ಕೆ ಅಣ್ಣ ಬೇಕಾಗಿಲ್ಲ. ಅತ್ತಿಗೆ ಅನ್ನುವುದಕ್ಕೆ ಬೇಕು. ಅವನನ್ನು ಕೂಗಿ ಕರೆಯದೆ ಎಂಟು ವರ್ಷವಾಯಿತು. ನಿಮ್ಮನ್ನು ಕೂಗುವಾಗಲೆಲ್ಲ ಅವನು ಪಕ್ಕದ ಕೋಣೆಯಲ್ಲೇ ಇದ್ದಾನೆ ಅನ್ನಿಸುತ್ತಿತ್ತು. ಆಮೇಲೂ ಅತ್ತಿಗೆ ಅಂತಲೇ ಕರೆದರೆ ಕನ್ನಡಕದವರಿಗೆ ಬೇಸರವಾಗುತ್ತದೆಯೇ, ಕೇಳಿ ತಿಳಿಸಿ.